45 ಸಾವಿರದಲ್ಲಿ ಸಿಎನ್‌ಸಿ ಯಂತ್ರ ಮನೆಯಲ್ಲೇ ಕಟ್ಟಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಮರಗೆಲಸದವರು, ಬಾಗಿಲು, ಕಿಟಕಿ, ದೇವರ ಮಂಟಪ ಮಾಡುತ್ತಾರೆ. ನಾನು ಐಟಿಐ ಫಿಟರ್ ಮುಗಿಸಿ ಅವರ ಜತೆಗೇ ಇದ್ದೇನೆ. ಗಿರಾಕಿಗಳು ಬಾಗಿಲಿಗೆ ಕೆತ್ತನೆ ಬೇಕೆಂದರೆ ಹಲಗೆಯನ್ನು ಶಿವಮೊಗ್ಗಕ್ಕೆ ಒಯ್ದು ಸಿಎನ್‌ಸಿಯಲ್ಲಿ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಮಾಡಿಸಿಕೊಂಡು ಬರುತ್ತೇವೆ. ಓಡಾಟದ ಖರ್ಚೂ ಹೆಚ್ಚು, ಕಾಯುವುದೂ ಹೆಚ್ಚು. ನಾನೇ ಒಂದು ಯಂತ್ರ ಕಟ್ಟೋಣ ಎಂದುಕೊಂಡಿದ್ದೇನೆ. 4 ಅಡಿಗೆ 2 ಅಡಿ ಅಳತೆ ಬೇಕು, ಕೈಯಲ್ಲಿ 45 ಸಾವಿರ ಇದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಚೌಕಟ್ಟು, 12 ಮಿ.ಮೀ. ಸ್ಟೀಲ್ ರಾಡು, ಎಂ8 ಥ್ರೆಡ್ ರಾಡು (8 ಮಿ.ಮೀ. ದಪ್ಪದ ತಿರುಪು ರಾಡು), ನೆಮಾ 17 ಅಳತೆಯ ಸಣ್ಣ ಮೋಟರ್ ಹಾಕಿ 15–20 ಸಾವಿರಕ್ಕೇ ಮುಗಿಸಿದ ವಿಡಿಯೋಗಳನ್ನು ನೋಡಿದ್ದೇನೆ. 0.01 ಮಿ.ಮೀ. ನಿಖರತೆ ಸಿಗುತ್ತದೆ ಅನ್ನುತ್ತಾರೆ, ನಿಜವೇ? ಇನ್ನೂ ದೊಡ್ಡ ಮೋಟರ್ ಹಾಕಿದರೆ ತೇಗ ಕೊರೆಯಬಹುದೇ? ನಮ್ಮಲ್ಲಿ ಕರೆಂಟು ಪದೇಪದೇ ಹೋಗುತ್ತದೆ, ಅದರಿಂದ ತೊಂದರೆ ಇದೆಯೇ? ಅಪ್ಪನಂತೂ ದುಡ್ಡು ನೀರಿಗೆ ಹಾಕಿದ ಹಾಗೆ ಅನ್ನುತ್ತಿದ್ದಾರೆ.

ಉತ್ತರ: ನೀವು ಕೇಳಿರುವುದು ನಾಲ್ಕು ಪ್ರಶ್ನೆ. ಅದರ ಒಳಗಿರುವ ಆತಂಕ ಮಾತ್ರ ಒಂದೇ: ಕೂಡಿಟ್ಟ ದುಡ್ಡು ಹಾಕಿ ಕಟ್ಟಿದ ಯಂತ್ರ ಮೂರು ತಿಂಗಳಿಗೆ ಮೂಲೆ ಸೇರಿದರೆ ಅಪ್ಪನ ಮುಂದೆ ನಿಲ್ಲುವುದು ಹೇಗೆ? ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತೈದು ವರ್ಷ ಇಂಥ ಯಂತ್ರಗಳನ್ನು ರಿಪೇರಿ ಮಾಡಿದವನಾಗಿ ನೇರವಾಗಿ ಹೇಳುತ್ತೇನೆ. ಫಿಟರ್ ಕೆಲಸ ಕಲಿತ ನೀವು ಸಿಎನ್‌ಸಿ ಕಟ್ಟಬಲ್ಲಿರಿ. ಆದರೆ 45 ಸಾವಿರಕ್ಕೆ ತೇಗದ ಬಾಗಿಲು ಕೆತ್ತುವ 4 ಅಡಿ ಯಂತ್ರ ಆಗುವುದಿಲ್ಲ. ಅದೇ ದುಡ್ಡಿಗೆ 16 ಇಂಚಿಗೆ 12 ಇಂಚು ಅಳತೆಯ, ಗಟ್ಟಿಯಾದ, ದಿನಾ ಸಂಪಾದಿಸಿ ಕೊಡುವ ಯಂತ್ರ ಆಗುತ್ತದೆ.

ವಿಡಿಯೋದವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಅವರ ಯಂತ್ರ ಓಡುತ್ತದೆ. ಅದು ಏನನ್ನು ಕೊರೆಯುತ್ತಿದೆ ಎಂಬುದನ್ನು ಮತ್ತೊಮ್ಮೆ ನೋಡಿ. ಹೆಚ್ಚಾಗಿ ಥರ್ಮಾಕೋಲು, ತೆಳು ಪ್ಲೈವುಡ್ಡು, ಅದೂ ಒಂದು ಮಿ.ಮೀ. ಆಳದ ಅಕ್ಷರ. ನಿಮಗೆ ಬೇಕಾದದ್ದು ತೇಗದಲ್ಲೋ ಹೊನ್ನೆಯಲ್ಲೋ ಹತ್ತು ಹನ್ನೆರಡು ಮಿ.ಮೀ. ಇಳಿಯುವ ಬಳ್ಳಿ, ಹೂವು, ಗಜಲಕ್ಷ್ಮಿ. ಆ ಕೆಲಸದಲ್ಲಿ ಬಿಟ್ಟು (ತಿರುಗುತ್ತ ಮರ ಕೊರೆಯುವ ಮೊನೆ) ಮರವನ್ನು ತಳ್ಳುವಷ್ಟೇ ಬಲದಲ್ಲಿ ಮರ ಬಿಟ್ಟನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳಾಟವನ್ನು ತಾಳಿಕೊಳ್ಳಬೇಕಾದದ್ದು ಮೋಟರ್ ಅಲ್ಲ, ಚೌಕಟ್ಟು ಮತ್ತು ಯಂತ್ರದ ತಲೆ ಜಾರಿ ಓಡಾಡುವ ರಾಡುಗಳು.

ಒಂದು ಲೆಕ್ಕ ಮಾಡೋಣ, ಐಟಿಐಯಲ್ಲಿ ಕಲಿತದ್ದೇ. 12 ಮಿ.ಮೀ. ದಪ್ಪದ ಎರಡು ಉಕ್ಕಿನ ರಾಡುಗಳನ್ನು 600 ಮಿ.ಮೀ. ಅಂತರಕ್ಕೆ ತುದಿಗಳಲ್ಲಿ ಕೂರಿಸಿ, ನಡುವೆ 5 ಕೆ.ಜಿ. ಭಾರ ಬಿಡಿ. ನಡುಭಾಗ ಸುಮಾರು ಅರ್ಧ ಮಿ.ಮೀ. ಬಾಗುತ್ತದೆ. ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ, ಅದೇ ರಾಡನ್ನು 1200 ಮಿ.ಮೀ.ಗೆ ಒಯ್ದರೆ ಎಂಟು ಪಟ್ಟು, ಅಂದರೆ 4 ಮಿ.ಮೀ.ಗೂ ಹೆಚ್ಚು ಬಾಗುತ್ತದೆ. ಇದು ಯಂತ್ರ ಸುಮ್ಮನೆ ನಿಂತಾಗಿನ ಮಾತು. ಬಿಟ್ಟು ಮರ ಕಚ್ಚಿದಾಗ ಆ ರಾಡು ತಂತಿಯಂತೆ ಅದುರತೊಡಗುತ್ತದೆ, ಕೊರೆದ ಗೋಡೆಯ ಮೇಲೆ ಗೆರೆಗೆರೆಯಾಗಿ ಅಲೆ ಬೀಳುತ್ತದೆ. ಅದನ್ನು ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ ತೆಗೆಯುವಷ್ಟು ಹೊತ್ತಿಗೆ ನಿಮ್ಮ ಅಪ್ಪ ಉಳಿ ಹಿಡಿದು ಅದೇ ಹೂವನ್ನು ಕೆತ್ತಿ ಮುಗಿಸಿರುತ್ತಾರೆ.

ದೊಡ್ಡ ಮೋಟರ್ ಹಾಕಿದರೆ ಇದು ಸರಿಹೋಗುತ್ತದೆಯೇ? ಇಲ್ಲ. ಮೋಟರ್ ತಳ್ಳುತ್ತದೆ, ಅಷ್ಟೆ. ಬಾಗುವ ರಾಡಿನ ಹಿಂದೆ ದೊಡ್ಡ ಮೋಟರ್ ಇಟ್ಟರೆ ರಾಡು ಇನ್ನಷ್ಟು ಬಾಗುತ್ತದೆ. ನನ್ನ ಹತ್ತಿರ ಸಲಹೆಗೆ ಬಂದ ಮನೆಯ ಯಂತ್ರಗಳಲ್ಲಿ ಅತಿ ಹೆಚ್ಚು ನೋಡಿದ ತಪ್ಪು ಇದೇ: ದುಡ್ಡೆಲ್ಲ ಮೋಟರಿಗೂ ಬಿಟ್ಟನ್ನು ತಿರುಗಿಸುವ ಸ್ಪಿಂಡಲ್ಲಿಗೂ ಹೋಗಿರುತ್ತದೆ, ಅದನ್ನು ಹೊತ್ತ ಚೌಕಟ್ಟನ್ನು ಕೈಯಲ್ಲಿ ಹಿಡಿದು ಒತ್ತಿದರೆ ಅಲುಗುತ್ತದೆ.

ಇನ್ನು 0.01 ಮಿ.ಮೀ. ಮಾತು. ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ. ಮೋಟರಿಗೆ ಕರೆಂಟು ಹಂಚುವ ಡ್ರೈವರಿನಲ್ಲಿ ಒಂದು ಹೆಜ್ಜೆಯನ್ನು ಎಂಟು ಮಾಡಿದರೆ ಸುತ್ತಿಗೆ 1600. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸಾಗಿದರೆ ಒಂದು ಹೆಜ್ಜೆಗೆ 0.003 ಮಿ.ಮೀ. ಬರುತ್ತದೆ. ವಿಡಿಯೋದವರು ಹೇಳುವ ನಿಖರತೆ ಕಾಗದದ ಮೇಲಿನ ಈ ಭಾಗಾಕಾರ. ಬಿಟ್ಟಿನ ತುದಿ ನಿಜವಾಗಿ ಎಲ್ಲಿ ನಿಂತಿದೆ ಎಂಬುದನ್ನು ತೀರ್ಮಾನಿಸುವುದು ನಟ್ಟಿನೊಳಗಿನ ಸಡಿಲ, ರಾಡಿನ ಬಾಗು, ಮೋಟರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗಿನ ತಿರುಚು. ಸಾಮಾನ್ಯ ಎಂ8 ರಾಡಿಗೆ ನಟ್ಟು ಹಾಕಿ ಹಿಂದೆಮುಂದೆ ಅಲ್ಲಾಡಿಸಿ ನೋಡಿ, ಸಡಿಲ ಬೆರಳಿಗೇ ತಿಳಿಯುತ್ತದೆ. ಅಂಥ ಯಂತ್ರದಲ್ಲಿ ಒಂದು ವೃತ್ತ ಕೊರೆದರೆ ಆಕ್ಸಿಸ್ (ಯಂತ್ರ ಸಾಗುವ ಮೂರು ದಿಕ್ಕುಗಳಲ್ಲಿ ಒಂದೊಂದರ ಓಟ) ದಿಕ್ಕು ಬದಲಿಸುವ ನಾಲ್ಕು ಕಡೆ ಚಪ್ಪಟೆ ಬೀಳುತ್ತದೆ. ಕಳಶ ಕೆತ್ತಿದರೆ ಹೊಟ್ಟೆ ಗುಂಡಗೆ ಬರುವುದಿಲ್ಲ. ಮರದ ಕೆಲಸಕ್ಕೆ 0.1 ಮಿ.ಮೀ. ಒಳಗೆ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಂತರೆ ಬೇಕಾದಷ್ಟಾಯಿತು. ಅಷ್ಟನ್ನು ಮನೆಯಲ್ಲಿ ಕಟ್ಟಿದ ಯಂತ್ರದಿಂದ ಖಂಡಿತ ಪಡೆಯಬಹುದು.

ಎಂ8 ರಾಡಿನದು ಇನ್ನೊಂದು ತೊಡಕು. ಅದರ ಪಿಚ್ಚು, ಅಂದರೆ ಒಂದು ಸುತ್ತಿಗೆ ಸಾಗುವ ದೂರ, 1.25 ಮಿ.ಮೀ. ನಿಮಿಷಕ್ಕೆ 1000 ಮಿ.ಮೀ. ಓಡಬೇಕಾದರೆ 800 ಸುತ್ತು ತಿರುಗಬೇಕು. ಸ್ಟೆಪ್ಪರಿನ ಬಲ ವೇಗ ಏರಿದಂತೆ ಇಳಿಯುತ್ತದೆ, ಉದ್ದದ ತೆಳು ರಾಡು ಹಗ್ಗದ ಹಾಗೆ ಬೀಸುತ್ತದೆ. ಮೋಟರ್ ನಡುವೆ ಹೆಜ್ಜೆ ತಪ್ಪಿಸಿದರೆ ಅದು ಯಂತ್ರಕ್ಕೆ ತಿಳಿಯುವುದೂ ಇಲ್ಲ. ಏಕೆಂದರೆ ಇಲ್ಲಿ ಹಿಂದಿರುಗಿ ವರದಿ ಕೊಡುವ ಎನ್‌ಕೋಡರ್ ಇರುವುದಿಲ್ಲ. ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಪಕ್ಕಕ್ಕೆ ಸರಿದು ಬೀಳುತ್ತದೆ. 1605 ಬಾಲ್ ಸ್ಕ್ರೂ (ನಟ್ಟಿನೊಳಗೆ ಗುಂಡುಗಳಿರುವ ತಿರುಪು ರಾಡು), ಅಂದರೆ 16 ಮಿ.ಮೀ. ದಪ್ಪ, ಸುತ್ತಿಗೆ 5 ಮಿ.ಮೀ. ಸಾಗುವುದು, ಅದೇ ವೇಗಕ್ಕೆ 200 ಸುತ್ತು ತಿರುಗಿದರೆ ಸಾಕು.

ಎಂಡಿಎಫ್ ಚೌಕಟ್ಟನ್ನು ಬೇರೆಯವರಿಗೆ ಬೇಡ ಎನ್ನಲು ಸ್ವಲ್ಪ ಯೋಚಿಸುತ್ತೇನೆ, ನಿಮಗೆ ಯೋಚಿಸದೆ ಬೇಡ ಎನ್ನುತ್ತೇನೆ. ಆಗುಂಬೆ ಇರುವ ತಾಲ್ಲೂಕು ನಿಮ್ಮದು. ಮಳೆಗಾಲದಲ್ಲಿ ಗೋಡೆಯೇ ಬೆವರುವ ಊರಿನಲ್ಲಿ ಎಂಡಿಎಫ್ ತೇವ ಕುಡಿದು ಉಬ್ಬುತ್ತದೆ, ಮತ್ತೆ ಮೊದಲಿನ ಅಳತೆಗೆ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಮೂಲೆಮಟ್ಟಕ್ಕೆ ಸರಿಯಾಗಿ ಕೂರಿಸಿದ ರೈಲು (ಯಂತ್ರದ ತಲೆ ಜಾರುವ ಹಳಿ) ಆಷಾಢದಲ್ಲಿ ಬಿಗಿಯುತ್ತದೆ. ನಾನು ಹಲವು ವರ್ಷದ ಹಿಂದೆ ಕಲಿಯಲೆಂದು ಕಟ್ಟಿದ ಮೊದಲ ಚೌಕಟ್ಟು ಎಂಡಿಎಫಿನದೇ. ಬೆಂಗಳೂರಿನ ಸಾಧಾರಣ ಮಳೆಗೇ ಅದರ ಬೋಲ್ಟು ಹಿಡಿದ ಜಾಗ ಮೆತ್ತಗಾಗಿ ಕಿತ್ತುಬಂತು.

ಈಗ ಕರೆಂಟಿನ ವಿಷಯ. ನಿಮ್ಮ ಪ್ರಶ್ನೆಗಳಲ್ಲಿ ಇದಕ್ಕೇ ನಾನು ಹೆಚ್ಚು ತೂಕ ಕೊಡುತ್ತೇನೆ. ಕರೆಂಟು ಹೋದರೆ ಕೆಲಸ ನಿಲ್ಲುತ್ತದೆ ಎಂದಷ್ಟೇ ನೀವು ಎಣಿಸಿರಬಹುದು. ನಿಜವಾದ ಅಪಾಯ ಅದು ತಿರುಗಿ ಬಂದಾಗ. ಹೇಗೆ ಎಂದು ನೋಡಿ. ಸಣ್ಣ ಯಂತ್ರಗಳ ಮಿದುಳು ಅರ್ಡುಯಿನೋ ಬೋರ್ಡು. ಅದಕ್ಕೆ ಯುಎಸ್‌ಬಿ ವಯರಿನಲ್ಲಿ ಲ್ಯಾಪ್‌ಟಾಪಿನಿಂದಲೇ ಕರೆಂಟು ಸಿಗುತ್ತದೆ. ಮನೆಯ ಕರೆಂಟು ಹೋದಾಗ ಆಕ್ಸಿಸ್ ಮೋಟರುಗಳು ಸತ್ತವು, ಬಿಟ್ಟನ್ನು ತಿರುಗಿಸುವ ರೂಟರ್ ನಿಂತಿತು. ಲ್ಯಾಪ್‌ಟಾಪು ಮಾತ್ರ ಬ್ಯಾಟರಿಯಲ್ಲಿ ಓಡುತ್ತಲೇ ಇದೆ, ಬೋರ್ಡು ಮುಂದಿನ ಸಾಲುಗಳನ್ನು ಓದಿ, ಮೋಟರ್ ಚಲಿಸಿತು ಎಂದೇ ಎಣಿಸುತ್ತ ಹೋಗುತ್ತಿದೆ. ನೀವು ಬಿಟ್ಟಿನ ಹತ್ತಿರ ಬಗ್ಗಿ ಹೊಟ್ಟು ಒರೆಸುತ್ತಿರುವಾಗ ಕರೆಂಟು ಬಂತು ಅನ್ನಿ. ರೂಟರಿನ ಸ್ವಿಚ್ಚು ಆನ್ ಆಗಿಯೇ ಇತ್ತಲ್ಲ, ಅದು ತಕ್ಷಣ ನಿಮಿಷಕ್ಕೆ 30 ಸಾವಿರ ಸುತ್ತಿಗೆ ಏರುತ್ತದೆ. ಯಂತ್ರ ಎಲ್ಲಿದೆಯೋ ಅಲ್ಲಿಂದ, ತಪ್ಪು ಜಾಗದಲ್ಲಿ, ಮರದೊಳಗೆ ನುಗ್ಗುತ್ತದೆ. ಒಂದು ಕಾರ್ಖಾನೆಯಲ್ಲಿ ಹೀಗೆಯೇ ಒಬ್ಬ ಹುಡುಗನ ಬೆರಳಿನ ತುದಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದುಡ್ಡು ಉಳಿಸಲು ಅಲ್ಲಿ ಹಾಕದೆ ಬಿಟ್ಟದ್ದು ಸಾವಿರ ಚಿಲ್ಲರೆ ರೂಪಾಯಿಯ ಒಂದು ಕಾಂಟ್ಯಾಕ್ಟರು, ಅಂದರೆ ಕಾಯಿಲ್ಲಿನ ಬಲದಲ್ಲಿ ಹಿಡಿದು ಬಿಡುವ ಸ್ವಿಚ್ಚು.

ಪರಿಹಾರ ನಿಮ್ಮ ತೋಟದಲ್ಲೇ ಇದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ನೆನಪಿಸಿಕೊಳ್ಳಿ. ಕರೆಂಟು ಹೋದರೆ ಒಳಗಿನ ನೋ-ವೋಲ್ಟ್ ಕಾಯಿಲ್ ಬಿಟ್ಟುಕೊಳ್ಳುತ್ತದೆ. ಕರೆಂಟು ಬಂದರೂ ಯಾರಾದರೂ ಹೋಗಿ ಹಸಿರು ಗುಂಡಿ ಒತ್ತುವವರೆಗೆ ಮೋಟರ್ ತಿರುಗುವುದಿಲ್ಲ. ಅದೇ ಬೇಕಿರುವುದು. 230 ವೋಲ್ಟಿನ ಕಾಯಿಲ್ ಇರುವ ಒಂದು ಕಾಂಟ್ಯಾಕ್ಟರ್, ಒಂದು ಹಸಿರು ಗುಂಡಿ, ಅಣಬೆಯಾಕಾರದ ಒಂದು ಕೆಂಪು ಗುಂಡಿ. ಮೋಟರುಗಳ ಪವರ್ ಸಪ್ಲೈ ಮತ್ತು ರೂಟರ್ ಎರಡೂ ಅದರ ಮೂಲಕವೇ ಹೋಗಲಿ, ಸತ್ತರೆ ಎರಡೂ ಒಟ್ಟಿಗೆ ಸಾಯಲಿ. ಅದರ ಎನ್‌ಸಿ ಕಾಂಟ್ಯಾಕ್ಟಿನಿಂದ (ಕರೆಂಟು ಇಲ್ಲದಾಗ ಕೂಡಿಕೊಳ್ಳುವ ಜೋಡಿ) ಎರಡು ವಯರ್ ತಂದು ಬೋರ್ಡಿನ ಅಬಾರ್ಟ್ (ಕೆಲಸ ನಿಲ್ಲಿಸುವ) ಪಿನ್ನಿಗೂ ಗ್ರೌಂಡಿಗೂ ಕೊಟ್ಟರೆ, ಕರೆಂಟು ಹೋದ ಕ್ಷಣವೇ ಬೋರ್ಡು ಕೂಡ ಎಣಿಕೆ ನಿಲ್ಲಿಸುತ್ತದೆ. ಆ ಎರಡು ವಯರನ್ನು ಮೇನ್ಸಿನ ವಯರುಗಳಿಂದ ದೂರ ಒಯ್ಯಿರಿ. ಅರ್ಥಿಂಗ್ ಮರೆಯಬೇಡಿ, ಚೌಕಟ್ಟಿಗೂ ಅರ್ಥ್ ವಯರ್ ಹೋಗಲಿ. ಯಾರಾದರೂ ಯುಪಿಎಸ್ ಹಾಕು ಎಂದರೆ ಲ್ಯಾಪ್‌ಟಾಪಿಗೆ ಬೇಕಾದರೆ ಹಾಕಿ. ಆಕ್ಸಿಸ್ ಮೋಟರಿಗೆ ಮಾತ್ರ ಹಾಕಿ ರೂಟರಿಗೆ ಬಿಟ್ಟರೆ, ನಿಂತ ಬಿಟ್ಟನ್ನು ಯಂತ್ರ ಮರದೊಳಗೆ ಎಳೆದು ಮುರಿಯುತ್ತದೆ.

ಕರೆಂಟು ಬಂದ ಮೇಲೆ ಕೆಲಸ ಮುಂದುವರಿಸಲು ಹೋಮಿಂಗ್ ಸ್ವಿಚ್ಚುಗಳು ಬೇಕು. ಮೂರು ಆಕ್ಸಿಸ್ಸಿಗೂ ಒಂದೊಂದು ಲಿಮಿಟ್ ಸ್ವಿಚ್ಚು ಇದ್ದರೆ ಯಂತ್ರ ತನ್ನ ಮೂಲೆಗೆ ಹೋಗಿ ಮುಟ್ಟಿ ಜಾಗ ಮತ್ತೆ ಗುರುತಿಸಿಕೊಳ್ಳುತ್ತದೆ. ಕೆಲಸದ ಸೊನ್ನೆ ಬಿಂದು ಆ ಮೂಲೆಯಿಂದ ಎಷ್ಟು ದೂರ ಎಂದು ಬರೆದಿಟ್ಟುಕೊಂಡಿದ್ದರೆ ಅರ್ಧ ಆದ ಹಲಗೆ ಉಳಿಯುತ್ತದೆ. ಪಟ್ಟಣದಲ್ಲಿ ಇದನ್ನು ಬಿಟ್ಟರೂ ನಡೆದೀತು, ನಿಮ್ಮಲ್ಲಿ ನಡೆಯದು.

ಮರ ಸುಡುವುದರ ಬಗ್ಗೆ ನೀವು ಕೇಳಿಲ್ಲ. ಮೊದಲ ವಾರವೇ ಎದುರಾಗುವ ತೊಂದರೆಯಾದ್ದರಿಂದ ಹೇಳುತ್ತೇನೆ. ಬಿಟ್ಟಿನ ಪ್ರತಿ ಅಲಗು ಪ್ರತಿ ಸುತ್ತಿಗೆ ಒಂದಿಷ್ಟು ಮರ ಕಚ್ಚಿ ತೆಗೆಯಬೇಕು. ಎರಡು ಅಲಗಿನ ಬಿಟ್ಟು 30 ಸಾವಿರ ಸುತ್ತು ತಿರುಗುತ್ತಿದ್ದು, ಯಂತ್ರ ನಿಮಿಷಕ್ಕೆ 800 ಮಿ.ಮೀ. ಮಾತ್ರ ಸಾಗಿದರೆ ಒಂದು ಅಲಗಿನ ಪಾಲು 0.013 ಮಿ.ಮೀ. ಅದು ಕೊರೆತವಲ್ಲ, ಉಜ್ಜುವಿಕೆ. ಹೊಟ್ಟಿನ ಬದಲು ನುಣ್ಣನೆ ಪುಡಿ ಬರುತ್ತದೆ, ಅಂಚು ಕಪ್ಪಾಗುತ್ತದೆ, ಬಿಟ್ಟು ಮೊಂಡಾಗುತ್ತದೆ. ತೇಗದಲ್ಲಿ ಸಿಲಿಕಾ ಬೇರೆ ಇರುವುದರಿಂದ ಮೊಂಡಾಗುವುದು ಇನ್ನೂ ಬೇಗ. ಹಾಗಾಗಿ ವೇಗ ತಗ್ಗಿಸುವ ಗುಂಡಿ ಇರುವ ರೂಟರನ್ನೇ ಕೊಳ್ಳಿ. 12 ಸಾವಿರ ಸುತ್ತಿಗೆ ಇಳಿಸಿ ಒಂದೇ ಅಲಗಿನ ಕಾರ್ಬೈಡ್ ಬಿಟ್ಟು ಹಾಕಿದರೆ ನಿಮಿಷಕ್ಕೆ 700 ಮಿ.ಮೀ. ವೇಗದಲ್ಲೂ ಅಲಗಿಗೆ 0.06 ಮಿ.ಮೀ. ಸಿಗುತ್ತದೆ. ಅಂಗೈಗೆ ಬೀಳುವ ಹೊಟ್ಟನ್ನು ಮುಟ್ಟಿ ನೋಡಿ: ತುಣುಕು ತುಣುಕಾಗಿ, ತಣ್ಣಗಿದ್ದರೆ ಸರಿ.

ಹಾಗಾದರೆ ದಾರಿಗಳು ಯಾವುವು? 3018 ಎಂದು ಸಿಗುವ ರೆಡಿ ಕಿಟ್ ಒಂದಿದೆ, 300ಕ್ಕೆ 180 ಮಿ.ಮೀ. ಅಳತೆ. ಕಡಿಮೆ ದುಡ್ಡು, ಒಂದೇ ದಿನದಲ್ಲಿ ಜೋಡಿಸಬಹುದು, ಯಂತ್ರಕ್ಕೆ ಆಜ್ಞೆ ಕೊಡುವ ಭಾಷೆಯಾದ ಜಿ-ಕೋಡ್ ಕೈಗೆ ಹತ್ತುತ್ತದೆ. ಆದರೆ ಅದರ ಸಣ್ಣ ಡಿಸಿ ಮೋಟರು ತೇಗದಲ್ಲಿ ಹೆಚ್ಚು ದುಡಿಯುವುದಿಲ್ಲ. ಕಲಿತ ಮೇಲೆ ಮಾರುತ್ತೇನೆ ಎಂಬ ಲೆಕ್ಕವಿದ್ದರೆ ಮಾತ್ರ ತೆಗೆದುಕೊಳ್ಳಿ. ಪೀಣ್ಯದ ಕಡೆ ಹಳೇ ಸಿಎನ್‌ಸಿ ರೂಟರ್ ಅಗ್ಗಕ್ಕೆ ಸಿಕ್ಕೀತು. ಕಬ್ಬಿಣ ಒಳ್ಳೆಯದಿದ್ದು ಕಂಟ್ರೋಲರ್ ಕೆಟ್ಟಿರುವುದೇ ಹೆಚ್ಚು. ಮೊದಲ ಯಂತ್ರವಾಗಿ ಅದು ಬೇಡ.

ನಾನು ಹೇಳುವುದು ಹೀಗೆ: 400ಕ್ಕೆ 300 ಮಿ.ಮೀ. ಕೆಲಸದ ಅಳತೆಯ ಯಂತ್ರ ಕಟ್ಟಿ. 45 ಸಾವಿರದಲ್ಲಿ ಅರ್ಧ, ಅಂದರೆ 22–23 ಸಾವಿರ, ಚೌಕಟ್ಟು, ರೈಲು, ಬಾಲ್ ಸ್ಕ್ರೂಗಳಿಗೇ ಹೋಗಲಿ. ರೈಲು 15 ಮಿ.ಮೀ. ಚೌಕದ್ದು ಸಿಕ್ಕರೆ ಉತ್ತಮ, ಇಲ್ಲವೇ ಉದ್ದಕ್ಕೂ ಅಲ್ಯೂಮಿನಿಯಂ ಆಸರೆ ಇರುವ ಎಸ್‌ಬಿಆರ್16. ತುದಿಗಳಲ್ಲಿ ಮಾತ್ರ ಹಿಡಿದ ರಾಡು ಯಾವ ಆಕ್ಸಿಸ್ಸಿಗೂ ಬೇಡ. ಮೂರು ನೆಮಾ 23 ಮೋಟರ್, ಅವಕ್ಕೆ ಡ್ರೈವರ್, ಪವರ್ ಸಪ್ಲೈ, ಅರ್ಡುಯಿನೋ, ಕಾಂಟ್ಯಾಕ್ಟರ್, ವಯರು ಸೇರಿ 12–13 ಸಾವಿರ. ರೂಟರಿಗೂ ಬಿಟ್ಟುಗಳಿಗೂ 5 ಸಾವಿರ. ಉಳಿದ ನಾಲ್ಕೈದು ಸಾವಿರವನ್ನು ಮುಟ್ಟಬೇಡಿ. ಬಿಟ್ಟು ಮುರಿಯುತ್ತದೆ, ಡ್ರೈವರ್ ಸುಡುತ್ತದೆ. ಪವರ್ ಆನ್ ಇರುವಾಗ ಮೋಟರಿನ ವಯರ್ ಕಿತ್ತರೆ ಡ್ರೈವರ್ ಹೋಗುವ ಸಂಭವ ಹೆಚ್ಚು, ಇದನ್ನು ಬರೆದು ಅಂಟಿಸಿಡಿ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ದಿನ ಸುತ್ತಿ ವಿಚಾರಿಸಿಯೇ ಕೊಳ್ಳಿ.

ಇಷ್ಟು ಸಣ್ಣ ಯಂತ್ರದಿಂದ ಏನು ಸಂಪಾದನೆ? ಮನೆಯ ಹೆಸರಿನ ಫಲಕ, ದೇವರ ಮಂಟಪದ ತುಂಡುಗಳು, ಬಾಗಿಲ ನಡುವಿನ ಸಣ್ಣ ಪ್ಯಾನೆಲ್ಲು, ಹೊಸ್ತಿಲ ಪಟ್ಟಿಯ ಹೂವುಗಳನ್ನು ತುಂಡು ತುಂಡಾಗಿ. ದೊಡ್ಡ ಹಲಗೆ ಈಗಿನಂತೆ ಶಿವಮೊಗ್ಗಕ್ಕೇ ಹೋಗಲಿ, ಆದರೆ ವಿನ್ಯಾಸ ನೀವೇ ಮಾಡಿ ಫೈಲ್ ಕೊಡಿ. ಈ ಕಸುಬಿನಲ್ಲಿ ಹೊತ್ತು ಹಿಡಿಯುವುದೂ ಬೆಲೆ ಸಿಗುವುದೂ ವಿನ್ಯಾಸಕ್ಕೇ. ವಿನ್ಯಾಸ ಮಾಡುವ ತಂತ್ರಾಂಶಗಳಾದ ಇಂಕ್‌ಸ್ಕೇಪ್, ಫ್ರೀಕ್ಯಾಡ್ ಎರಡೂ ಉಚಿತ, ಯಂತ್ರದ ಒಂದು ನಟ್ಟು ಕೊಳ್ಳುವ ಮೊದಲೇ ಕಲಿಯಲು ತೊಡಗಬಹುದು. ಬೋರ್ಡಿಗೆ ಹಾಕುವ ಜಿಆರ್‌ಬಿಎಲ್ ತಂತ್ರಾಂಶ ಕೂಡ ಉಚಿತವೇ. 4 ಅಡಿ ಯಂತ್ರವನ್ನು ಈ ಸಣ್ಣದರ ಸಂಪಾದನೆಯಿಂದ ಕಟ್ಟಿ. ಅದಕ್ಕೆ ಬೇಕಾದ ರೈಲು ಬ್ರ್ಯಾಕೆಟ್ಟುಗಳನ್ನು ಕೊರೆಯಲು ಮಾದರಿ ಪಟ್ಟಿಗಳನ್ನು ಈ ಸಣ್ಣ ಯಂತ್ರವೇ ಮಾಡಿಕೊಡುತ್ತದೆ.

ಚೌಕಟ್ಟಿಗೆ ಎಂಎಸ್ (ಸಾದಾ ಉಕ್ಕಿನ) ಸ್ಕ್ವೇರ್ ಪೈಪು ಸಾಕು, ನಿಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. ವೆಲ್ಡಿಂಗಿನ ಶಾಖಕ್ಕೆ ಪೈಪು ಎಳೆದುಕೊಂಡು ತಿರುಚಿಕೊಳ್ಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಕೆಲಸ ಮಾಡಿ. ಮೊದಲು ಎಲ್ಲ ಮೂಲೆಗೂ ಚುಕ್ಕೆ ವೆಲ್ಡು, ಕರ್ಣ ಅಳತೆ, ಆಮೇಲೆ ಎದುರುಬದುರು ಮೂಲೆಗಳಿಗೆ ಸ್ವಲ್ಪ ಸ್ವಲ್ಪವೇ ಪೂರ್ಣ ವೆಲ್ಡು. ತಣ್ಣಗಾದ ಮೇಲೆ ನಾಲ್ಕು ಮೂಲೆಗಳ ನಡುವೆ ಎರಡು ತೆಳು ದಾರಗಳನ್ನು ಕರ್ಣಕ್ಕೆ ಬಿಗಿದು ಕಟ್ಟಿ. ನಡುವೆ ದಾರಗಳು ಒಂದನ್ನೊಂದು ಆಗಷ್ಟೇ ಸವರಿದರೆ ಚೌಕಟ್ಟು ಸಮ. ಒಂದರ ಮೇಲೊಂದು ಎದ್ದು ನಿಂತರೆ, ಇಲ್ಲವೇ ಒಂದನ್ನೊಂದು ಒತ್ತಿ ಬಾಗಿಸಿದರೆ ಒಂದು ಮೂಲೆ ತಿರುಚಿದೆ. ರಸಮಟ್ಟಕ್ಕೆ ಕಾಣದ ತಿರುಚು ದಾರಕ್ಕೆ ಕಾಣುತ್ತದೆ. ರೈಲಿನ ಕೆಳಗೆ ತೆಳು ತಗಡಿನ ಶಿಮ್ ಇಟ್ಟು ಅದನ್ನು ತೆಗೆಯಿರಿ. ಈ ಒಂದು ಕೆಲಸಕ್ಕೆ ಎರಡು ದಿನ ಹಿಡಿದರೂ ಹಿಡಿಯಲಿ.

ಅಪ್ಪನ ಮಾತಿನಲ್ಲಿ ಅರ್ಧ ಸತ್ಯವಿದೆ. ವಿಡಿಯೋದ ಯಂತ್ರಕ್ಕೆ ಹಾಕಿದ್ದರೆ ದುಡ್ಡು ನೀರಿಗೇ ಹೋಗುತ್ತಿತ್ತು. ಯಂತ್ರ ನಿಂತ ಮೇಲೆ ಅವರಿಲ್ಲದೆ ನಡೆಯುವುದೂ ಇಲ್ಲ. ಹಸಿಮರ ಯಾವುದು, ಒಣಗಿದ್ದು ಯಾವುದು ಎಂದು ಯಂತ್ರಕ್ಕೆ ಗೊತ್ತಿಲ್ಲ. ಸರಿಯಾಗಿ ಒಣಗದ ಹಲಗೆಯ ಒಂದು ಮುಖವನ್ನಷ್ಟೇ ಆಳಕ್ಕೆ ಕೊರೆದರೆ ರಾತ್ರಿ ಕಳೆಯುವಷ್ಟರಲ್ಲಿ ಅದು ದೋಣಿಯಂತೆ ಬಾಗಬಹುದು. ನಾರು ಯಾವ ಕಡೆ ಹರಿದಿದೆ, ಎಲ್ಲಿ ಗಂಟಿದೆ, ಯಾವ ಅಂಚು ಸೀಳೀತು ಎಂಬುದನ್ನು ನೋಡಿ ಹಲಗೆಯನ್ನು ಮೇಜಿನ ಮೇಲೆ ಹೇಗಿಡಬೇಕೆಂದು ಹೇಳುವವರು ಅವರೇ.

ಮರದ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಬಿಟ್ಟಿನ ಪಕ್ಕಕ್ಕೆ ವ್ಯಾಕ್ಯೂಮಿನ ಕೊಳವೆ, ಮುಖಕ್ಕೆ ಎನ್95 ಮಾಸ್ಕು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಕೈಗವಸು, ತೂಗುವ ಟವೆಲು, ಸಡಿಲ ತೋಳು ತಿರುಗುವ ಬಿಟ್ಟಿನ ಹತ್ತಿರ ಬೇಡವೇ ಬೇಡ.

ಎಲ್ಲ ಜೋಡಿಸಿದ ಮೊದಲ ದಿನ ರೂಟರ್ ಹಾಕಬೇಡಿ. ಅದರ ಜಾಗಕ್ಕೆ ಒಂದು ಬಾಲ್‌ಪೆನ್ನನ್ನು ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿ, ಕಾಗದ ಹಾಸಿ, 200 ಮಿ.ಮೀ. ಚೌಕ, ಅದರೊಳಗೆ ಒಂದು ವೃತ್ತ ಬರೆಸಿ. ಎರಡು ಕರ್ಣ ಅಳೆಯಿರಿ. ಸಮವಿಲ್ಲದಿದ್ದರೆ ಗ್ಯಾಂಟ್ರಿ (ರೂಟರನ್ನು ಹೊತ್ತ ಅಡ್ಡ ಸೇತುವೆ) ಓರೆಯಿದೆ. ಬದಿ 200ಕ್ಕೆ ಬದಲು 198 ಬಂದರೆ ಸ್ಟೆಪ್ ಲೆಕ್ಕ ತಪ್ಪಿದೆ. ವೃತ್ತದಲ್ಲಿ ನಾಲ್ಕು ಕಡೆ ಚಪ್ಪಟೆಯಿದ್ದರೆ ನಟ್ಟು ಸಡಿಲವಿದೆ. ಆಮೇಲೆ ಅದೇ ಗೆರೆಯ ಮೇಲೆ ಹತ್ತು ಸಲ ಬರೆಸಿ. ಹತ್ತು ಸಲವೂ ಗೆರೆ ಒಂದೇ ಆಗಿ ಕಂಡರೆ ಮಾತ್ರ ಪೆನ್ನು ಬಿಚ್ಚಿ ರೂಟರ್ ಕೂರಿಸಿ. ಮೊದಲ ಕೊರೆತ ಹಲಸಿನ ಹಳೇ ತುಂಡಿನ ಮೇಲೆ ಆಗಲಿ, ಒಂದು ಸಲಕ್ಕೆ ಒಂದೇ ಮಿ.ಮೀ. ಆಳ, ಕೈ ಕೆಂಪು ಗುಂಡಿಯ ಮೇಲಿರಲಿ.